ಕಸದಿಂದ ರಸವೋ, ರಸದಿಂದ ಕಸವೋ?

ಮಕ್ಕಳೇ, ನಿಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿ ‘ಕಸದಿಂದ ರಸ’ ಎಂಬ ವಿಭಾಗ ಇರಬಹುದು. ಅದಕ್ಕೆಂದು ಅಂಗಡಿಯಿಂದ ಹೊಸ ಥರ್ಮೋಕೋಲ್, ಹೊಸ ಐಸ್‌ಕ್ರೀಮ್ ಕಡ್ಡಿ, ಮಿನುಗುವ ಪುಡಿ ಕೊಂಡು ತರುವವರೂ ಇದ್ದಾರೆ. ಪ್ರದರ್ಶನ ಮುಗಿದ ಮೇಲೆ ಅವೆಲ್ಲ ಎಲ್ಲಿಗೆ ಹೋಗುತ್ತವೆ? ತಿಪ್ಪೆಗೆ! ಹಾಗಾದರೆ ನಾವು ಮಾಡಿದ್ದು ಏನು?

ಎಲ್ ಅನಾತ್ಸುಯಿ ಎಂಬ ಕಲಾವಿದರ ಕೆಲಸ ನೋಡೋಣ. ಅವರು 1944ರಲ್ಲಿ ಆಫ್ರಿಕದ ಘಾನಾ ದೇಶದಲ್ಲಿ ಹುಟ್ಟಿದರು. ನೈಜೀರಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಬಹುಕಾಲ ಶಿಲ್ಪಕಲೆ ಕಲಿಸಿದರು. ಮದ್ಯದ ಬಾಟಲಿಗಳಿಂದ ಕಿತ್ತೆಸೆದ ಅಲ್ಯೂಮಿನಿಯಂ ಮುಚ್ಚಳಗಳೇ ಅವರ ಸಾಮಗ್ರಿ. ಅವರೂ ಅವರ ಸಹಾಯಕರೂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಮಡಚಿ, ತಿರುಚಿ, ತಾಮ್ರದ ತಂತಿಯಿಂದ ಹೆಣೆಯುತ್ತಾರೆ. ಸಾವಿರಾರು ಮುಚ್ಚಳಗಳು ಸೇರಿ ಗೋಡೆಯಗಲದ ಹೊಳೆಯುವ ಪರದೆಯಾಗುತ್ತದೆ! 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದಲ್ಲಿ ಇಂಥ ಭಾರಿ ಪರದೆಗಳನ್ನು ತೂಗುಹಾಕಿದ್ದರು. ಆ ಕಟ್ಟಡವೂ ಹಿಂದೆ ವಿದ್ಯುತ್ ಸ್ಥಾವರವಾಗಿತ್ತು. ಹೀಗೆ ಇಡೀ ಜಾಗವನ್ನೇ ತುಂಬಿಕೊಳ್ಳುವ ಕಲೆಗೆ ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ.

ಇದರಲ್ಲಿ ವಿಜ್ಞಾನ ಎಲ್ಲಿದೆ? ಅಲ್ಯೂಮಿನಿಯಂ ಹಗುರ. ಬಡಿದರೆ ಒಡೆಯದೆ ತೆಳುವಾಗಿ ಹರಡುತ್ತದೆ. ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ತಾಮ್ರವನ್ನು ಸಣ್ಣ ತಂತಿಯಾಗಿ ಎಳೆಯಬಹುದು, ಸುಲಭವಾಗಿ ಬಗ್ಗಿಸಬಹುದು. ವಸ್ತುವಿನ ಗುಣ ತಿಳಿದದ್ದರಿಂದಲೇ ಕಲೆ ಸಾಧ್ಯವಾಯಿತು.

ಇನ್ನೊಂದು ಸಂಗತಿ ಗಮನಿಸಿ. ಪರದೆಯ ಕೆಂಪು, ಹಳದಿ ಬಣ್ಣಗಳು ಮುಚ್ಚಳಗಳ ಮೇಲೆ ಮೊದಲೇ ಇದ್ದವು. ಜೋಡಿಸಿದ್ದು ಅಂಟಿನಿಂದಲ್ಲ, ತಂತಿಯಿಂದ. ತಂತಿ ಬಿಚ್ಚಿದರೆ ಲೋಹ ಮತ್ತೆ ಲೋಹವೇ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 5ರಷ್ಟು ಸಾಕು, ಹಳೆಯದನ್ನು ಕರಗಿಸಿ ಮತ್ತೆ ಬಳಸಬಹುದು. ಆದರೆ ಡಬ್ಬಿಗೆ ಥರ್ಮೋಕೋಲ್ ಅಂಟಿಸಿ, ಮಿನುಗುಪುಡಿ ಮೆತ್ತಿದರೆ? ಗುಜರಿಯವರೂ ಅದನ್ನು ಮುಟ್ಟುವುದಿಲ್ಲ. ಮರುಬಳಕೆ ಆಗಬಹುದಾಗಿದ್ದ ವಸ್ತುವನ್ನು ನಾವೇ ಕಸ ಮಾಡಿದಂತಾಯಿತು.

“ಪ್ರದರ್ಶನ ಚೆಂದ ಕಾಣಬೇಡವೇ?” ಎಂದು ನೀವು ಕೇಳಬಹುದು. ಖಂಡಿತ ಕಾಣಬೇಕು. ಆದರೆ ಅಂದಕ್ಕಾಗಿ ಹೊಸ ಕಸ ಬೇಕಿಲ್ಲ. ಕಲೆಯೊಂದರಿಂದಲೇ ಊರಿನ ಕಸ ಮುಗಿಯುವುದೂ ಇಲ್ಲ. ಎಸೆದ ವಸ್ತುವನ್ನು ಮತ್ತೊಮ್ಮೆ ದಿಟ್ಟಿಸಿ ನೋಡಲು ಅದು ಕಲಿಸುತ್ತದೆ. ನನಗೆ ಅದೇ ದೊಡ್ಡ ಲಾಭ ಎನಿಸುತ್ತದೆ.

ಮುಂದಿನ ಸಲ ಮಾದರಿ ಮಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನಿಜವಾಗಿ ಎಸೆದ ವಸ್ತುವೇ? ಇದರ ಗುಣವೇನು? ಪ್ರದರ್ಶನ ಮುಗಿದ ಮೇಲೆ ಬಿಡಿಸಿ ಬೇರೆ ಮಾಡಬಹುದೇ? ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್, ಚೂಪಾದ ತಗಡು ಮಾತ್ರ ಮುಟ್ಟಬೇಡಿ. ಮೂರಕ್ಕೂ ಉತ್ತರ ಸಿಕ್ಕರೆ, ಅದೇ ನಿಜವಾದ ‘ಕಸದಿಂದ ರಸ’.