ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಮುನ್ನ

ಮಳೆಗಾಲ ಕಳೆದು ಕಡಲು ಶಾಂತವಾಗುತ್ತಲೇ ನಮ್ಮ ಪ್ರೌಢಶಾಲೆ ಕಾಲೇಜುಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಕಾಮಾಕ್ಷಿಪಾಳ್ಯದಂತಹ ಬಡಾವಣೆಯಿಂದ ರಾತ್ರಿ ಹೊರಟ ಬಸ್ಸು ಘಟ್ಟವನ್ನಿಳಿದು ಬೆಳಗಿನ ವೇಳೆಗೆ ಉಡುಪಿಯನ್ನು ಸೇರುವುದು. ಶ್ರೀಕೃಷ್ಣನ ದರ್ಶನವಾದ ಮೇಲೆ ಮಲ್ಪೆಯ ಬಂದರು. ಅಲ್ಲಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ಸೇಂಟ್ ಮೇರೀಸ್ ದ್ವೀಪ. ವಿದ್ಯಾರ್ಥಿಗಳು ಒಂದೆರಡು ಗಂಟೆಗಳ ಕಾಲ ನೀರಿನಲ್ಲಿ ಆಡಿ, ಚಿತ್ರಗಳನ್ನು ತೆಗೆದುಕೊಂಡು, ತಿಂಡಿ ತಿಂದು ಹಿಂದಿರುಗುತ್ತಾರೆ. ಶಾಲೆಯ ದಾಖಲೆಯಲ್ಲಿ ಇದು 'ಶೈಕ್ಷಣಿಕ ಪ್ರವಾಸ' ಎಂದು ನಮೂದಾಗುತ್ತದೆ. ಆಟವೂ ಬೇಕು, ಸಂತೋಷವೂ ಬೇಕು. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಆದರೆ 'ಶೈಕ್ಷಣಿಕ' ಎಂಬ ವಿಶೇಷಣವು ಸಾರ್ಥಕವಾಗಬೇಕಾದರೆ ಏನು ಮಾಡಬೇಕೆಂಬುದನ್ನು ವಿದ್ಯಾರ್ಥಿಮಿತ್ರರೊಡನೆ ಆಲೋಚಿಸಬೇಕೆಂದು ನಮಗೆ ತೋರುತ್ತದೆ.

ಮೊದಲು ಆ ಸ್ಥಳದ ಸ್ವರೂಪವನ್ನು ತಿಳಿಯೋಣ. ಸ್ಥಳೀಯರು ತೋನ್ಸೆಪಾರ್ ಎಂದು ಕರೆಯುವ ಈ ಸಮೂಹದಲ್ಲಿ ಮುಖ್ಯವಾದ ದ್ವೀಪಗಳು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಶಿಲುಬೆಯನ್ನು ನೆಟ್ಟು ಮೇರಿಯಮ್ಮನ ಹೆಸರಿಟ್ಟನೆಂಬ ಪ್ರತೀತಿಯುಂಟು. ದೋಣಿಗಳು ಹೋಗುವ ತೆಂಗಿನ ದ್ವೀಪದಲ್ಲಿ ಕಣ್ಣಿಗೆ ಬೀಳುವುದು ಒತ್ತೊತ್ತಾಗಿ ನಿಂತ ಕಲ್ಲಿನ ಕಂಬಗಳು. ಯಾರೋ ಶಿಲ್ಪಿಗಳು ಕಡೆದು ಜೋಡಿಸಿದಂತೆ ಅವುಗಳಿಗೆ ನಾಲ್ಕು, ಐದು, ಆರು, ಏಳು ಮುಖಗಳಿವೆ. ಕೆಲವು ಸುಮಾರು 6 ಮೀಟರಿನಷ್ಟು ಎತ್ತರ. ಇವನ್ನು ಕಂಡವರು ಇದೊಂದು ಜ್ವಾಲಾಮುಖಿಯೆಂದು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಇಲ್ಲಿ ಬೆಂಕಿಯುಗುಳಿದ ಬಾಯಿಯಾಗಲಿ ಬೆಟ್ಟವಾಗಲಿ ಕಾಣದು. ಪೂರ್ವದಲ್ಲಿ ಭೂಗರ್ಭದಿಂದ ಹೊರಬಂದ ಶಿಲಾರಸವು ಹರಿದು ಹೆಪ್ಪುಗಟ್ಟಿ, ಕಡಲಿನ ಸವೆತಕ್ಕೆ ಸಿಕ್ಕಿ ಉಳಿದ ಅವಶೇಷವೇ ಈ ದ್ವೀಪ.

ಕಂಬಗಳಾದುದು ಹೇಗೆ? ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳ ನಡುವೆ ಬೆಳೆದ ಹುಡುಗನಿಗೆ ಇದರ ಅರ್ಧ ಉತ್ತರ ಮನೆಯ ಸುತ್ತಲೇ ದೊರಕೀತು. ಲೋಹದ ಎರಕ ಹೊಯ್ಯುವವರು ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಅಚ್ಚನ್ನು ಮಾಡುತ್ತಾರೆ. ಕರಗಿದ ಲೋಹವು ಆರುವಾಗ ಕುಗ್ಗುವುದೆಂದು ಅವರು ಬಲ್ಲರು. ಶಿಲಾರಸವೂ ಹಾಗೆಯೇ ಕುಗ್ಗುವುದು. ಆದರೆ ವಿಸ್ತಾರವಾದ ಹಾಸು ಒಟ್ಟಾಗಿ ಒಂದೆಡೆಗೆ ಸರಿಯಲಾರದು, ಆದುದರಿಂದ ಬಿರಿಯುತ್ತದೆ. ಬೇಸಗೆಯಲ್ಲಿ ಒಣಗಿದ ಕೆರೆಯಂಗಳದ ಮಣ್ಣು ಬಿರಿಯುವುದು ಇದೇ ನ್ಯಾಯದಿಂದ. ಮೇಲ್ಮೈ ಮೊದಲು ತಣಿಯುವುದರಿಂದ ಬಿರುಕುಗಳು ಅಲ್ಲಿ ಹುಟ್ಟಿ, ತಂಪು ಒಳಗಿಳಿದಂತೆ ತಾವೂ ಒಳಗಿಳಿಯುತ್ತವೆ. ಸೆಳೆತವನ್ನು ಎಲ್ಲ ಕಡೆಗೂ ಸಮನಾಗಿ ಸಡಿಲಿಸಲು ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡುವುದು ಅನುಕೂಲ. ಷಟ್ಕೋನಕ್ಕೆ ಹತ್ತಿರವಾದ ಆಕಾರಗಳು ಹೆಚ್ಚಾಗಿ ಕಾಣುವುದು ಈ ಕಾರಣದಿಂದ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ಎಂಬಲ್ಲಿ ಇಂತಹ ಸುಮಾರು 40,000 ಕಂಬಗಳಿವೆ. ಅಲ್ಲಿಯ ಕಲ್ಲು ಕಪ್ಪಾದ ಬಸಾಲ್ಟು; ನಮ್ಮದಾದರೋ ಸಿಲಿಕಾಂಶ ಅಧಿಕವಾದ, ರಯೋಲೈಟ್ ಮತ್ತು ಡೇಸೈಟ್ ಜಾತಿಗೆ ಸೇರಿದ ಕಲ್ಲು.

ಈ ಕಲ್ಲಿನ ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷಗಳು. ಮಹಾರಾಷ್ಟ್ರವನ್ನೂ ನಮ್ಮ ಉತ್ತರ ಕರ್ಣಾಟಕದ ಕೆಲವು ಭಾಗಗಳನ್ನೂ ಆವರಿಸಿದ ದಖನ್ನಿನ ಶಿಲಾಪ್ರವಾಹ ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಹಿಮಾಲಯ ತಲೆಯೆತ್ತಿದುದು ಅದಕ್ಕೂ ಈಚೆಗೆ. ಮಲ್ಪೆಯ ಕಂಬಗಳು ಹುಟ್ಟಿದ ಕಾಲದಲ್ಲಿ ಭಾರತಭೂಮಿಯು ಮಡಗಾಸ್ಕರಿನಿಂದ ಬೇರೆಯಾಗುತ್ತಿತ್ತು. ಅದೇ ಕಾಲದ ಅಗ್ನಿಶಿಲೆಗಳು ಮಡಗಾಸ್ಕರಿನಲ್ಲಿಯೂ ದೊರೆಯುತ್ತವೆ. ಇಂದು ಸಮುದ್ರದಿಂದ ಅಗಲಿದ ಎರಡು ನೆಲಗಳು ಒಮ್ಮೆ ಒಂದಾಗಿದ್ದವೆಂಬುದಕ್ಕೆ ಈ ಪುಟ್ಟ ದ್ವೀಪವೂ ಒಂದು ಸಾಕ್ಷಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದು ಉಚಿತವೇ ಆಗಿದೆ.

ಒಂದು ಗ್ರಂಥ ಹರಿದುಹೋದರೆ ಮತ್ತೊಂದು ಪ್ರತಿಯನ್ನು ಅಚ್ಚುಹಾಕಿಸಬಹುದು. ಈ ಶಿಲಾಗ್ರಂಥಕ್ಕೆ ಇರುವುದು ಒಂದೇ ಪ್ರತಿ. ಕಲ್ಲಿನ ಮೇಲೆ ಕೆತ್ತಿದ ಒಂದು ಹೆಸರು, ನೆನಪಿಗೆಂದು ಒಡೆದುಕೊಂಡ ಒಂದು ಚೂರು, ಸಂದಿನಲ್ಲಿ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಬಾಟಲಿ—ಬಿಡಿಯಾಗಿ ನೋಡಿದರೆ ಅಲ್ಪವೇ. ಬರುವವರ ಸಂಖ್ಯೆಯಿಂದ ಗುಣಿಸಿದರೆ ಅಲ್ಪವಲ್ಲ. ಹೀಗಿರಲು ದ್ವೀಪಕ್ಕೆ ಜನರನ್ನು ಬಿಡಲೇಬಾರದು ಎನ್ನುವವರೂ ಇರಬಹುದು. ನಮಗೆ ಅದು ಸಮ್ಮತವಲ್ಲ. ಕಾಣದುದರಲ್ಲಿ ಅಭಿಮಾನ ಹುಟ್ಟದು. ದೋಣಿಯವರ ಜೀವನವೂ ಈ ಪ್ರವಾಸಿಗಳನ್ನು ಅವಲಂಬಿಸಿದೆ. ಬಾಗಿಲು ಮುಚ್ಚುವುದಕ್ಕಿಂತ ಬರುವವರನ್ನು ಅಣಿಗೊಳಿಸುವುದು ಮೇಲು. ಆ ಕೆಲಸ ಮಲ್ಪೆಯ ದಡದಲ್ಲಲ್ಲ, ಊರಿನ ತರಗತಿಯಲ್ಲಿ ಆರಂಭವಾಗಬೇಕು.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಪ್ರವಾಸಕ್ಕೆ ಮುಂಚೆ ಒಂದು ಭಾನುವಾರ ಲಾಲ್‌ಬಾಗಿನ ಬಂಡೆಯನ್ನು ನೋಡಿ ಬರಲಿ. ಸುಮಾರು 300 ಕೋಟಿ ವರ್ಷದ ಆ ನೈಸ್ ಶಿಲೆಯೂ ರಾಷ್ಟ್ರೀಯ ಸ್ಮಾರಕವೇ. ಅದರ ಮೈಮೇಲಿನ ಪಟ್ಟೆಗಳನ್ನು ಕಂಡ ಕಣ್ಣು ಮಲ್ಪೆಯ ಕಲ್ಲಿನ ಭೇದವನ್ನು ತಾನೇ ಗುರುತಿಸುವುದು. ಅನಂತರ ಅಂಗಡಿಯಲ್ಲಿ ಸಿಗುವ ಕಾರ್ನ್‌ಫ್ಲೋರನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಒಂದು ಬಟ್ಟಲಿನಲ್ಲಿ ತುಂಬಿ, ಬಿಸಿಯಾಗುವ ದೀಪದ ಕೆಳಗೆ ಕೆಲವು ದಿನ ಒಣಗಲು ಬಿಡಲಿ. ಪೂರ್ತಿ ಒಣಗಿದ ಮೇಲೆ ಮುರಿದರೆ ಒಳಗೆ ಸಣ್ಣ ಸಣ್ಣ ಕಂಬಗಳು ಕಾಣುತ್ತವೆ. ಅಲ್ಲಿ ಕುಗ್ಗುವಿಕೆಗೆ ಕಾರಣ ನೀರು ಆರುವುದು, ಇಲ್ಲಿ ಶಾಖ ಆರುವುದು. ಬಿರುಕಿನ ನಿಯಮ ಎರಡಕ್ಕೂ ಸಮಾನ.

ದ್ವೀಪದಲ್ಲಿ ಇಳಿದ ಮೇಲೆ ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಟಿಪ್ಪಣಿ ಪುಸ್ತಕವಿರಲಿ. ಇಪ್ಪತ್ತು ಕಂಬಗಳ ಮುಖಗಳನ್ನು ಎಣಿಸಿ ಬರೆಯಲಿ. ಯಾವ ಸಂಖ್ಯೆ ಹೆಚ್ಚೆಂಬುದನ್ನು ಲೆಕ್ಕ ಹಾಕಲಿ. ಎಲ್ಲ ಕಂಬಗಳೂ ನೆಟ್ಟಗಿವೆಯೆ, ಕೆಲವು ವಾಲಿವೆಯೆ, ವಾಲಿದ್ದರೆ ಶಿಲಾರಸವು ಯಾವ ದಿಕ್ಕಿನಿಂದ ತಣಿದಿರಬೇಕು ಎಂದು ಚರ್ಚಿಸಲಿ. ಅಲೆ ಹೊಡೆಯುವ ಕಲ್ಲುಗಳು ಬಹಳ ಜಾರುವುದರಿಂದ ಅಂಚಿಗೆ ಹೋಗದಿರಲಿ. ಅರ್ಧ ಗಂಟೆ ಇದಕ್ಕೆ ಸಾಕು. ಮಿಕ್ಕ ವೇಳೆಯೆಲ್ಲ ಆಟಕ್ಕೆ.

ವಿದ್ಯಾರ್ಥಿಗಳೇ ಉಪಾಧ್ಯಾಯರನ್ನು ಕೇಳಿ ಇಷ್ಟನ್ನು ನಡೆಸಿಕೊಳ್ಳಬಹುದು. ಕಂಬವು ಹೇಗಾಯಿತೆಂದು ಬಲ್ಲವನು ಅದರ ಮೇಲೆ ಹೆಸರು ಕೊರೆಯಲಾರನೆಂಬುದು ನಮ್ಮ ದೃಢವಾದ ನಂಬಿಕೆ. ಕಾವಲುಗಾರನ ಕೂಗಿಗಿಂತ ಆ ತಿಳಿವಳಿಕೆಯೇ ಹೆಚ್ಚು ಕಾಲ ಆ ಕಲ್ಲನ್ನು ಕಾಯುವುದು.