ಮನೆಯ ಬಾಗಿಲಿಗೆ ಕಾವಲಾರು?

ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆಗಳು ಮಿತಿಮೀರಿದ ತಿನಿಸುಗಳನ್ನು ಮಕ್ಕಳಿಗೆ ಮಾರಕೂಡದೆಂದು 2020ನೆಯ ಇಸವಿಯಲ್ಲಿ ಕೇಂದ್ರದ ನಿಯಮವಾಯಿತು. ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣವು ಬೊಂಬಾಯಿ ಮಿಠಾಯಿಯಲ್ಲಿ ಕಂಡುಬರಲಾಗಿ, 2024ರ ಮಾರ್ಚ್ ತಿಂಗಳಲ್ಲಿ ನಮ್ಮ ರಾಜ್ಯದ ಸರ್ಕಾರವು ಅದಕ್ಕೂ ಗೋಬಿ ಮಂಚೂರಿಗೂ ಕೃತಕ ವರ್ಣಗಳನ್ನು ಬೆರಸುವುದನ್ನು ನಿಷೇಧಿಸಿತು. ಇವೆರಡೂ ಸ್ತುತ್ಯವೇ. ಆದರೆ, ವಾಚಕ ಮಹಾಶಯರೇ, ನಮ್ಮ ಮನೆಯ ಬಾಗಿಲಿಗೆ ಕಾವಲಾರು?

ಅಂಗಡಿಯವನನ್ನು ದೂಷಿಸುವ ನಾವೇ ಪೊಟ್ಟಣಗಳನ್ನು ತಂದು ಮನೆಯಲ್ಲಿ ತುಂಬುತ್ತಿರುವೆವು. “ಮಗು ಹಠ ಹಿಡಿಯುತ್ತದೆ, ನಮಗೆ ಬಿಡುವಿಲ್ಲ” ಎಂಬುದು ವಿದ್ಯಾವಂತರ ಸಮಾಧಾನ. ಹಿಡಿ ಹುರಿಗಡಲೆಗೆ ಚೂರು ಬೆಲ್ಲವನ್ನು ಸೇರಿಸಿ ಕೊಡುವುದಕ್ಕೆ ಎಷ್ಟು ಬಿಡುವು ಬೇಕು? ಹಿಂದೆ ಪ್ರೌಢವಯಸ್ಕರ ವ್ಯಾಧಿಯೆನಿಸಿದ್ದ ಮಧುಮೇಹವು ಈಗ ಎಳೆಯರಲ್ಲಿಯೂ ಕಾಣಿಸುತ್ತಿದೆಯೆಂದು ವೈದ್ಯರು ಎಚ್ಚರಿಸುತ್ತಿರಲು, ನಾಲಗೆಯ ಕ್ಷಣಸುಖಕ್ಕೆ ಮಕ್ಕಳ ಆಯುಸ್ಸನ್ನು ಅಡವಿಡುವುದು ವಾತ್ಸಲ್ಯವೆ? ಇದು ದೇಹದ ಕೇಡಾಯಿತು. ಅವರವರ ಪೊಟ್ಟಣ ಅವರವರ ಕೈಯಲ್ಲಿರುವಾಗ ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವ ಹೊತ್ತೇ ಇಲ್ಲವಾಗುತ್ತದೆ; ಹಂಚಿ ತಿನ್ನುವುದನ್ನು ಮಗುವು ಇನ್ನೆಲ್ಲಿ ಕಲಿಯಬೇಕು?

ನಾನೂ ನಿರ್ದೋಷಿಯಲ್ಲ. ಮೊಮ್ಮಗನ ಅಳುವನ್ನು ನಿಲ್ಲಿಸಲು ಪೊಟ್ಟಣವನ್ನು ಕೊಟ್ಟವನೇ. ಆದುದರಿಂದಲೇ ಬರೆಯುತ್ತಿದ್ದೇನೆ: ಸರ್ಕಾರದ ವಿಧಿಯು ಬೀದಿಯವರೆಗೆ, ಅಡಿಗೆಮನೆಯ ವಿಧಿಯನ್ನು ಮಾಡತಕ್ಕವರು ನಾವೇ.