ಜೆರ್ಸಿಯ ಮೇಲೆ ಯಾರ ಹೆಸರು?

ನಮ್ಮಲ್ಲಿ ಪುರುಷರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ರಾಷ್ಟ್ರೀಯ ಕಿರೀಟವೆಂದರೆ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಟೂರ್ನಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಈ ಟೂರ್ನಿಯಲ್ಲಿ ಕಾಲೇಜುಗಳು ಆಡುವುದಿಲ್ಲ, ವಿಶ್ವವಿದ್ಯಾಲಯಗಳು ಆಡುತ್ತವೆ. ಮೊದಲು ನಾಲ್ಕು ವಲಯಗಳ ಪಂದ್ಯಗಳು ನಡೆದು, ವಲಯಕ್ಕೆ ನಾಲ್ಕರಂತೆ ತಂಡಗಳು ಅಂತಿಮ ಹಂತಕ್ಕೆ ಹೋಗುತ್ತವೆ. ಹೊಸಪೇಟೆ, ಸಂಡೂರು, ಕಂಪ್ಲಿ, ತೋರಣಗಲ್ಲು ಸುತ್ತಿನ ಪದವಿ ವಿದ್ಯಾರ್ಥಿ ಅಲ್ಲಿಗೆ ಮುಟ್ಟಬೇಕಾದರೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ 12 ಮಂದಿಯಲ್ಲಿ ಒಬ್ಬನಾಗಬೇಕು. ಈ ಪದ್ಧತಿ ಬಿಟ್ಟು, ಗೆದ್ದ ಕಾಲೇಜೇ ತನ್ನ ಹೆಸರಿನಲ್ಲಿ ರಾಷ್ಟ್ರಮಟ್ಟಕ್ಕೆ ಹೋಗುವಂತಾಗಬೇಕೆ?

ಪರ

ಖಂಡಿತ ಆಗಬೇಕು. ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟರಲ್ಲಿ ಹತ್ತು ಜನ ಓಡುತ್ತಾರೆ. ಎದುರಾಳಿಗೆ ಅಡ್ಡ ನಿಂತು ಸ್ಕ್ರೀನ್ ಹಾಕಲು ಬರುವ ಗೆಳೆಯ ಎಡಕ್ಕೆ ನಿಲ್ಲುತ್ತಾನೋ ಬಲಕ್ಕೋ, ಗಾರ್ಡ್ ಒಳನುಗ್ಗಿದಾಗ ಪಾಸ್ ನೆಲಕ್ಕೆ ಪುಟಿದು ಬರುತ್ತದೋ ತಲೆಯ ಮೇಲಿಂದ ಬರುತ್ತದೋ ಎಂಬುದು ಅರ್ಧ ಸೆಕೆಂಡಿನಲ್ಲಿ ಗೊತ್ತಾಗಬೇಕು. ಬೇರೆ ಬೇರೆ ಕಾಲೇಜುಗಳಿಂದ ಆರಿಸಿ ತಂದು, ಸಣ್ಣದೊಂದು ಶಿಬಿರ ಮಾಡಿ, ರೈಲು ಹತ್ತಿಸಿದ ಹುಡುಗರಿಗೆ ಅದು ಹೇಗೆ ಗೊತ್ತಾಗಬೇಕು? ಒಬ್ಬೊಬ್ಬರೂ ಗಟ್ಟಿ ಆಟಗಾರರೇ, ಆದರೆ ತಂಡ ಅನ್ನಿಸಿಕೊಳ್ಳುವ ಹೊತ್ತಿಗೆ ಟೂರ್ನಿಯೇ ಮುಗಿದಿರುತ್ತದೆ.

ಎದುರಿಗೆ ಯಾರಿರುತ್ತಾರೆ ನೋಡಿ. ಒಂದೇ ಆವರಣದ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು. ಶುಲ್ಕ ರಿಯಾಯಿತಿ ಕೊಟ್ಟು ಕರೆದುಕೊಂಡ ಆಟಗಾರರು, ಒಂದೇ ಹಾಸ್ಟೆಲ್, ಒಬ್ಬನೇ ಕೋಚ್, ವರ್ಷವಿಡೀ ಅಭ್ಯಾಸ. ಹೆಸರಿಗೆ ವಿಶ್ವವಿದ್ಯಾಲಯವಾದರೂ ನಿಜದಲ್ಲಿ ಅದು ಕಾಲೇಜು ತಂಡವೇ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಪದಕ ಪಟ್ಟಿಯಲ್ಲಿ ಮೊದಲು ಬಂದದ್ದು ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯ. ಅವರ ಶ್ರಮಕ್ಕೆ ಸಿಕ್ಕ ಫಲ ಅದು, ಮೆಚ್ಚೋಣ. ಒಂದೇ ತಂಡವಾಗಿ ಆಡುವ ಅದೇ ಅವಕಾಶವನ್ನು ಹೊಸಪೇಟೆಯ ಒಂದು ಕಾಲೇಜಿಗೂ ಕೊಡಿ ಎಂಬುದಷ್ಟೇ ಕೇಳಿಕೆ.

ಇನ್ನು ಹೆಸರಿನ ವಿಷಯ. ವಿಶ್ವವಿದ್ಯಾಲಯದ ತಂಡ ಗೆದ್ದರೆ ಯಾವ ಊರು ಸಂಭ್ರಮಿಸಬೇಕು? ಸಂಸ್ಥೆಗಳು ತಮ್ಮದೇ ಹೆಸರಿನಲ್ಲಿ ಆಡುವ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಎನ್‌ಸಿಎಎ ಟೂರ್ನಿ 1939ರಿಂದ ನಡೆದು ಬಂದಿದೆ. ಈಗ 68 ತಂಡಗಳು, ಒಂದು ಸೋಲಿಗೆ ಮನೆಗೆ. 2022ರಲ್ಲಿ ಜೆರ್ಸಿ ಸಿಟಿಯ ಸೇಂಟ್ ಪೀಟರ್ಸ್ ಎಂಬ ಪುಟ್ಟ ಸಂಸ್ಥೆ, 15ನೇ ಶ್ರೇಯಾಂಕದ ತಂಡ, ದೈತ್ಯ ಕೆಂಟಕಿಯನ್ನು ಮಣಿಸಿ ಕೊನೆಯ ಎಂಟರವರೆಗೆ ಹೋಯಿತು. ಊರಿಗೆ ಊರೇ ಆ ಹುಡುಗರ ಹಿಂದೆ ನಿಂತಿತ್ತು. ಸಂಡೂರಿನ ಕಾಲೇಜೊಂದು ಚೆನ್ನೈನಲ್ಲಿ ಕ್ವಾರ್ಟರ್ ಫೈನಲ್ ಆಡುತ್ತಿದೆ ಎಂದರೆ ಸಂಡೂರಿನವರು ಮೊಬೈಲ್ ಹಿಡಿದು ನೋಡದೇ ಇರುತ್ತಾರೆಯೆ?

ಹೆಸರಿದ್ದಲ್ಲಿಗೆ ಹಣವೂ ಬರುತ್ತದೆ. ತೋರಣಗಲ್ಲಿನಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಯಿದೆ, ಸಂಡೂರಿನ ಗುಡ್ಡಗಳಲ್ಲಿ ಗಣಿಗಳಿವೆ. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಯ ಪಟ್ಟಿಯಲ್ಲಿ ಕ್ರೀಡಾ ತರಬೇತಿಗೂ ಜಾಗವಿದೆ. ಕಾರ್ಖಾನೆಯ ಮಗ್ಗುಲಲ್ಲೇ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ನೀರಜ್ ಚೋಪ್ರಾ ತರಬೇತಿ ಪಡೆದಿದ್ದಾರೆ. ಆ ಸಂಸ್ಥೆಯ ಗಮನ ಮುಖ್ಯವಾಗಿ ಬಾಕ್ಸಿಂಗ್, ಕುಸ್ತಿ, ಜುಡೊ, ಅಥ್ಲೆಟಿಕ್ಸ್‌ನಂಥ ವೈಯಕ್ತಿಕ ಸ್ಪರ್ಧೆಗಳ ಮೇಲೆ. ಬ್ಯಾಸ್ಕೆಟ್‌ಬಾಲ್ ಆಡುವ ಕಾಲೇಜೊಂದು ರಾಷ್ಟ್ರಮಟ್ಟದಲ್ಲಿ ತನ್ನದೇ ಹೆಸರಿನಲ್ಲಿ ಆಡುವಂತಾದರೆ ಇಂಥ ನೆರೆಹೊರೆಯ ಮುಂದೆ ಧೈರ್ಯವಾಗಿ ಕೈಚಾಚಬಹುದು. ಇಲ್ಲವಾದರೆ ಪ್ರಾಂಶುಪಾಲರು ಅಂಕಣಕ್ಕೆ ಸಿಮೆಂಟ್ ಹಾಕಿಸಲು ಕಾರಣವಾದರೂ ಏನಿದೆ?

ವಿರೋಧ

ಬೇಡ. ಈಗಿನ ಪದ್ಧತಿ ಕೆಟ್ಟು ನಿಂತಿದೆ ನಿಜ, ಆದರೆ ಅದನ್ನು ಕಿತ್ತೆಸೆದರೆ ಮೊದಲು ಬೀದಿಗೆ ಬೀಳುವವನು ಸಣ್ಣ ಊರಿನ ಹುಡುಗ.

ಕಂಪ್ಲಿಯಲ್ಲಿ ಓದುವ ಒಬ್ಬನನ್ನು ಕಣ್ಣಮುಂದೆ ತಂದುಕೊಳ್ಳಿ. ಆರಡಿ ಮೂರಂಗುಲ ಎತ್ತರ, ಹೈಸ್ಕೂಲಿನಲ್ಲಿ ವಾಲಿಬಾಲ್ ಆಡಿ ಜಿಗಿತ ಕಲಿತವನು. ಸಂಜೆ ನೆಟ್ ಹರಿದ ಒಂಟಿ ರಿಂಗಿನ ಕೆಳಗೆ ಒಬ್ಬನೇ ಶೂಟ್ ಮಾಡುತ್ತಾನೆ. ಒರಟು ಸಿಮೆಂಟಿಗೆ ಬಡಿದು ಬಡಿದು ಚೆಂಡಿನ ಮೈಮೇಲಿನ ಚುಕ್ಕಿಗಳೆಲ್ಲ ಸವೆದು ನುಣ್ಣಗಾಗಿವೆ. ಕೈ ಒದ್ದೆಯಾದರೆ ಚೆಂಡು ಹಿಡಿತಕ್ಕೆ ಸಿಗುವುದಿಲ್ಲ, ಹಾಗಾಗಿ ಎರಡೆರಡು ಶಾಟ್‌ಗೊಮ್ಮೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾನೆ. ಅವನ ಕಾಲೇಜಿನಲ್ಲಿ ಅವನ ಮಟ್ಟದ ಇನ್ನೂ ನಾಲ್ವರು ಸಿಗುವುದಿಲ್ಲ. ಕಾಲೇಜುಗಳೇ ನೇರವಾಗಿ ಹೋಗಬೇಕೆಂಬ ನಿಯಮ ಬಂದರೆ ಅವನ ದಾರಿ ಮೊದಲ ಸುತ್ತಿನ ಸೋಲಿನಲ್ಲೇ ಮುಗಿಯುತ್ತದೆ. ಈಗ ಹಾಗಲ್ಲ. ಕಾಲೇಜು ಸೋತರೂ ಆಯ್ಕೆದಾರರ ಕಣ್ಣಿಗೆ ಬಿದ್ದರೆ ಆ 12ರಲ್ಲಿ ಅವನಿಗೊಂದು ಜಾಗವಿದೆ.

ಆ ಜಾಗ ಎಷ್ಟು ಬೆಲೆಯುಳ್ಳದ್ದು ಎಂದು ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. 2010ರವರೆಗೆ ಬಳ್ಳಾರಿ ಸೀಮೆಯ ಕಾಲೇಜುಗಳು ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಇಲ್ಲಿನ ಹುಡುಗ ಬೀದರ್, ಕಲಬುರಗಿ, ರಾಯಚೂರಿನವರೆಲ್ಲರ ಜೊತೆ ಪೈಪೋಟಿ ಮಾಡಿ ತಂಡ ಸೇರಬೇಕಿತ್ತು. ಪ್ರತ್ಯೇಕ ವಿಶ್ವವಿದ್ಯಾಲಯ ಬಂದ ಮೇಲೆ ಇಡೀ 12 ಜಾಗ ಈ ಭಾಗದ್ದಾಯಿತು. ಹೊಸಪೇಟೆಯ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಂದಿಗೂ ಆ ಭಾಗ್ಯವಿಲ್ಲ. ಅವನು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ತಂಡಕ್ಕಾಗಿ ಇಡೀ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರೊಡನೆ ಸೆಣಸಬೇಕು. ಅನ್ಯಾಯವೆನ್ನುವುದಾದರೆ ನಾನು ಅದನ್ನು ಅನ್ಯಾಯ ಎನ್ನುತ್ತೇನೆ. ವಿಟಿಯುನಂಥ ರಾಜ್ಯವ್ಯಾಪಿ ವಿಶ್ವವಿದ್ಯಾಲಯಕ್ಕೆ ಒಂದಕ್ಕಿಂತ ಹೆಚ್ಚು ತಂಡ ಕೊಡಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಸೇಂಟ್ ಪೀಟರ್ಸ್ ಕಥೆಯನ್ನು ಅರ್ಧಕ್ಕೇ ನಿಲ್ಲಿಸಬಾರದು. ಆ ಗೆಲುವಿನ ಬೆನ್ನಿಗೇ ಅವರ ಕೋಚ್ ದೊಡ್ಡ ಸಂಸ್ಥೆಗೆ ಹೋದರು, ಮುಖ್ಯ ಆಟಗಾರರಲ್ಲಿ ಹಲವರು ಬೇರೆ ಬೇರೆ ಕಡೆ ವರ್ಗವಾದರು. ಅಲ್ಲಿನ ಟೂರ್ನಿಯ ಪ್ರಸಾರ ಹಕ್ಕು 2010ರಲ್ಲೇ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಹೋಗಿತ್ತು. ಅಂಥ ಹಣ ಹರಿಯುವಲ್ಲಿ ಸಣ್ಣವರು ಒಮ್ಮೆ ಮಿಂಚಬಹುದು, ಪ್ರತಿಭೆಯನ್ನು ಉಳಿಸಿಕೊಳ್ಳುವುದು ಕಷ್ಟ. ನಮ್ಮಲ್ಲೂ ಅದೇ ಆಗುತ್ತದೆ. ಕಂಪ್ಲಿಯ ಆ ಎತ್ತರದ ಹುಡುಗನನ್ನು ಶುಲ್ಕ ಮನ್ನಾ ಮಾಡಿ ಕರೆದೊಯ್ಯಲು ದೊಡ್ಡ ಊರಿನ ಕಾಲೇಜುಗಳು ಸಾಲುಗಟ್ಟುತ್ತವೆ. ಮಂಡಿ ನೋವು ಬಂದ ದಿನ ಆ ಮನ್ನಾ ಉಳಿಯುತ್ತದೆಯೇ ಎಂದು ಅವನ ಮನೆಯವರು ಯಾರನ್ನು ಕೇಳಬೇಕು? ಅವನನ್ನು ಕಳೆದುಕೊಂಡ ಊರಿನಲ್ಲಿ ಒಂಟಿ ರಿಂಗೂ ಉಳಿಯುವುದಿಲ್ಲ.

ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಯಾರು ಯಾರೊಡನೆ ಎಲ್ಲಿ ಆಡಬೇಕು, ರೈಲು ಚಾರ್ಜು ಯಾರು ಕೊಡಬೇಕು ಎಂಬ ಲೆಕ್ಕವೇ ಬಗೆಹರಿಯದು.

ಹೊಂದಾಣಿಕೆಯ ಕೊರತೆ ಇದೆ ಎಂಬುದನ್ನು ಒಪ್ಪಲೇಬೇಕು. ಅದಕ್ಕೆ ಮದ್ದು ಬಳ್ಳಾರಿಯಲ್ಲೇ ಇದೆ. ಬಳ್ಳಾರಿ, ತೋರಣಗಲ್ಲು, ಹೊಸಪೇಟೆ ಮೂರೂ ಒಂದೇ ರೈಲು ಮಾರ್ಗದಲ್ಲಿವೆ. ಸಂಡೂರು, ಕಂಪ್ಲಿಗೆ ಬಸ್ಸಿದೆ. ಅಂತರಕಾಲೇಜು ಟೂರ್ನಿಯನ್ನು ಎರಡು ಮೂರು ದಿನದಲ್ಲಿ ನಾಕೌಟ್ ಮಾಡಿ ಮುಗಿಸದೆ ಭಾನುವಾರಗಳ ಲೀಗ್ ಮಾಡಿ. ತಂಡವನ್ನು ಆಗಸ್ಟ್‌ನಲ್ಲೇ ಆರಿಸಿ, ವಲಯ ಪಂದ್ಯಗಳವರೆಗೂ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಅಭ್ಯಾಸಕ್ಕೆ ಇಳಿಸಿ. ಜೆರ್ಸಿಯ ಬೆನ್ನಿಗೆ ಆಟಗಾರನ ಕಾಲೇಜಿನ ಹೆಸರನ್ನೂ ಅಚ್ಚು ಹಾಕಿಸಿ, ಊರಿನವರಿಗೆ ಗೊತ್ತಾಗಲಿ. ಉಕ್ಕಿನ ಕಾರ್ಖಾನೆಯವರ ಬಳಿ ಒಂದು ಕಾಲೇಜಿಗೆಂದು ಕೇಳುವ ಬದಲು, ಈ ಐದೂ ಊರಿನ ಅಂಕಣಗಳಿಗೆ ರಿಂಗು, ನೆಟ್ಟು, ದೀಪ ಕೊಡಿ ಎಂದು ವಿಶ್ವವಿದ್ಯಾಲಯವೇ ಒಟ್ಟಾಗಿ ಕೇಳಲಿ. ದೈಹಿಕ ಶಿಕ್ಷಣ ನಿರ್ದೇಶಕರು ಈ ಶೈಕ್ಷಣಿಕ ವರ್ಷದ ಕ್ರೀಡಾ ವೇಳಾಪಟ್ಟಿ ಬರೆಯುವಾಗಲೇ ಇದನ್ನು ಸೇರಿಸಬೇಕೆಂದು ಕಳಕಳಿಯಿಂದ ಕೇಳುತ್ತೇನೆ.